ಹಳೆಯ ಮೋಟಾರಿನ ಕಿಡಿ: ಪಾಯಿಂಟ್, ಕಾಯಿಲ್, ಮ್ಯಾಗ್ನೆಟೊಗಳನ್ನು ಪರೀಕ್ಷಿಸಿ ಸರಿಪಡಿಸುವ ಕ್ರಮ

ಬಹುಕಾಲ ನಿಂತ ಪೆಟ್ರೋಲ್ ಕಾರನ್ನು ಮತ್ತೆ ಚಾಲೂ ಮಾಡಲು ಹೊರಟವರು ಮೊದಲು ಹೊಸ ಪ್ಲಗ್ ತಂದು ಹಾಕುತ್ತಾರೆ, ಎಂಜಿನ್ ಹಿಡಿಯದಿದ್ದರೆ ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲ್ ಬದಲಿಸುತ್ತಾರೆ, ಅದಕ್ಕೂ ಜಗ್ಗದಿದ್ದರೆ ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರನ್ನೇ ಕಿತ್ತು ಪಕ್ಕಕ್ಕಿಟ್ಟು ಎಲೆಕ್ಟ್ರಾನಿಕ್ ಕಿಟ್ ಒಂದನ್ನು ಕೂಡಿಸುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳೆಯ ವಾಡೆಗಳ ಹಿತ್ತಲಿನಲ್ಲಿ, ತೋಟದ ಮನೆಗಳ ಶೆಡ್ಡುಗಳಲ್ಲಿ ನಿಂತಿರುವ ಜೀಪು, ಅಂಬಾಸಿಡರ್, ಫಿಯಟ್‌ಗಳ ಮೂಲ ಭಾಗಗಳು ಹೀಗೆಯೇ ಗುಜರಿಯ ಪಾಲಾಗುತ್ತಿವೆ. ಹಾಗೆ ಹೋದವುಗಳಲ್ಲಿ ಅನೇಕವು ಕೆಟ್ಟೇ ಇರುವುದಿಲ್ಲ ಎಂಬುದು ನನ್ನನ್ನು ನೋಯಿಸುವ ಸಂಗತಿ. ಕರೆಂಟು ಹರಿಯುವ ದಾರಿಯನ್ನೇ ಹಿಡಿದು ಒಂದೊಂದು ಭಾಗವನ್ನಾಗಿ ನೋಡುತ್ತ ಹೋದರೆ ದೋಷವಿರುವ ಜಾಗ ತಾನಾಗಿ ಸಿಗುತ್ತದೆ. ಅದಕ್ಕೆ ಬೇಕಾಗುವ ಸಾಮಾನೂ ಅಲ್ಪ: ಸಂದಿಯ ಅಗಲ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್, ಬಲ್ಬಿಗೆ ಎರಡು ವೈರು ಹಚ್ಚಿ ಮಾಡಿದ ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್, ಎರಡು ಮೂರು ಪಾನಾ, ಸಣ್ಣ ಸ್ಕ್ರೂಡ್ರೈವರ್, ತೆಳುವಾದ ಪಾಯಿಂಟ್ ಫೈಲ್ ಮತ್ತು ಒಣಗಿದ ಹತ್ತಿಬಟ್ಟೆ.

ಈ ಕೆಲಸದಲ್ಲಿ ಎರಡು ಕಟ್ಟಳೆಗಳನ್ನು ಎಂದೂ ಮೀರಬಾರದು. ಕಡಿಮೆ ವೋಲ್ಟಿನ ಬದಿಯನ್ನು, ಅಂದರೆ ಬ್ಯಾಟರಿಯಿಂದ ಪಾಯಿಂಟಿನವರೆಗಿನ ದಾರಿಯನ್ನು, ಪೂರ್ತಿ ನೋಡಿ ಮುಗಿಸದೆ ಕಾಯಿಲಿನಿಂದ ಪ್ಲಗ್ಗಿನವರೆಗಿನ ಹೆಚ್ಚು ವೋಲ್ಟಿನ ಬದಿಗೆ ಕೈ ಹಾಕಬಾರದು. ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚಿ ಕರೆಂಟನ್ನು ತುಂಡರಿಸುವ ಪಾಯಿಂಟಿನ ಗ್ಯಾಪ್ ಸರಿಪಡಿಸದೆ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತನ್ನು, ಮುಟ್ಟಬಾರದು. ಇದಕ್ಕೆ ಕಾರಣಗಳು ಮುಂದೆ ತಾವಾಗಿಯೇ ತಿಳಿಯುತ್ತವೆ.

ನಿಮ್ಮ ಗಾಡಿಯಲ್ಲಿರುವುದು ಯಾವ ವ್ಯವಸ್ಥೆ

ಮೋಟಾರು ಗಾಡಿಯ ಮೊದಲ ದಶಕಗಳಲ್ಲಿ ಕಿಡಿ ಹುಟ್ಟಿಸುವ ವಿಧಾನ ಒಂದೇ ಆಗಿರಲಿಲ್ಲ. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಗಾಲಿಯ ಗಾಡಿಯಲ್ಲಿ ಬ್ಯಾಟರಿ ಮತ್ತು ಕಂಪಿಸುವ ಕಾಯಿಲ್ ಇದ್ದರೆ, ಅದೇ ಕಾಲದ ಡೈಮ್ಲರ್ ಎಂಜಿನ್ನಿನಲ್ಲಿ ಬರ್ನರಿನಿಂದ ಕೆಂಪಗೆ ಕಾಯಿಸಿದ ಕೊಳವೆಯೇ ಇಂಧನವನ್ನು ಹೊತ್ತಿಸುತ್ತಿತ್ತು. ರಾಬರ್ಟ್ ಬಾಷ್ ಕಾರ್ಯಾಗಾರವು 1897ರಲ್ಲಿ, ಬ್ಯಾಟರಿ ಇಲ್ಲದೆ ತಾನೇ ಕರೆಂಟು ಹುಟ್ಟಿಸುವ ಕಡಿಮೆ ವೋಲ್ಟಿನ ಮ್ಯಾಗ್ನೆಟೊವನ್ನು ಮೋಟಾರು ಗಾಡಿಗೆ ಹೊಂದಿಸಿತು. 1902ರಲ್ಲಿ ಅಲ್ಲಿನ ಎಂಜಿನಿಯರ್ ಗಾಟ್ಲೋಬ್ ಹೊನೊಲ್ಡ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೊವನ್ನೂ ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದರು. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳ ವ್ಯವಸ್ಥೆಯು ಕ್ಯಾಡಿಲಾಕ್ ಕಾರುಗಳಲ್ಲಿ ಬಂದು, 1912ರ ಮಾದರಿಯಲ್ಲಿ ಸೆಲ್ಫ್ ಸ್ಟಾರ್ಟರಿನೊಂದಿಗೆ ಸೇರಿಕೊಂಡ ಮೇಲೆ ನಿಧಾನವಾಗಿ ಉಳಿದೆಲ್ಲವನ್ನೂ ಹಿಂದಿಕ್ಕಿತು. ನಮ್ಮ ಭಾಗದಲ್ಲಿ ಸಿಗುವ ಗಾಡಿಗಳಲ್ಲಿ ಬಹುತೇಕ ಇರುವುದು ಈ ಕೊನೆಯ ವ್ಯವಸ್ಥೆಯೇ.

ಬಾನೆಟ್ ಎತ್ತಿದರೆ ಗುರುತು ಸಿಗುತ್ತದೆ. ಒಂದು ಉರುಟು ಕಾಯಿಲ್, ಅದರಿಂದ ದಪ್ಪ ವೈರೊಂದು ಕಪ್ಪು ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿಗೆ ಹೋಗಿ, ಅಲ್ಲಿಂದ ನಾಲ್ಕು ವೈರುಗಳು ಪ್ಲಗ್ಗುಗಳಿಗೆ ಹರಡಿದ್ದರೆ ಅದು ಬ್ಯಾಟರಿ-ಕಾಯಿಲ್ ವ್ಯವಸ್ಥೆ. ಎಂಜಿನ್ ಪಕ್ಕದಲ್ಲಿ ಕುದುರೆ ಲಾಳದ ಆಕಾರದ ಅಯಸ್ಕಾಂತ ಹೊದ್ದ ಪೆಟ್ಟಿಗೆಯೊಂದು ಗೇರಿನಿಂದ ತಿರುಗುತ್ತಿದ್ದರೆ ಅದು ಮ್ಯಾಗ್ನೆಟೊ. ಡ್ಯಾಶ್‌ಬೋರ್ಡಿನ ಬಳಿ ನಾಲ್ಕು ಕಾಯಿಲುಗಳಿರುವ ಕಟ್ಟಿಗೆಯ ಪೆಟ್ಟಿಗೆ ಇದ್ದರೆ ನಿಮ್ಮ ಕೈಯಲ್ಲಿರುವುದು ಪ್ರಾಯಶಃ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಟಿ ಮಾದರಿ.

ಕೈ ಹಚ್ಚುವ ಮೊದಲು ಗೇರನ್ನು ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಹಾಕಿರಿ. ಭಾಗ ಬಿಚ್ಚುವ ಕೆಲಸವಿದ್ದರೆ ಬ್ಯಾಟರಿಯ ಟರ್ಮಿನಲ್ ತೆಗೆದಿಡಿರಿ. ಮ್ಯಾಗ್ನೆಟೊ ಇರುವ ಗಾಡಿಗೆ ಬ್ಯಾಟರಿಯ ಹಂಗಿಲ್ಲ, ಕೈಯಿಂದ ಹ್ಯಾಂಡಲ್ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು ಎಂಬುದು ಸದಾ ನೆನಪಿರಲಿ. ಹ್ಯಾಂಡಲ್ ಹೊಡೆಯುವ ಮೊದಲು ಸ್ಟೀರಿಂಗ್ ಬಳಿಯ ಸ್ಪಾರ್ಕ್ ಲಿವರನ್ನು ಪೂರ್ತಿ ಹಿಂದಕ್ಕೆ, ಅಂದರೆ ಕಿಡಿ ತಡವಾಗಿ ಬೀಳುವ ಕಡೆಗೆ ಸರಿಸಿರಬೇಕು. ಫೋರ್ಡ್ ಟಿಯಲ್ಲಿ ಅದು ಎಡಗಡೆಯ ಲಿವರು, ಮೇಲಕ್ಕೆ ಎತ್ತಿದರೆ ಕಿಡಿ ತಡವಾಗುತ್ತದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ಹೊರತು ಮೈಭಾರ ಹಾಕಿ ಕೆಳಕ್ಕೆ ಒತ್ತಬಾರದು. ಕಿಡಿ ಮುಂಚಿತವಾಗಿ ಬಿದ್ದು ಎಂಜಿನ್ ಹಿಂದಕ್ಕೆ ಒದ್ದರೆ ಮುಂಗೈ ಮೂಳೆ ಮುರಿಯುವುದು ಹಳೆಯ ಕಾಲದಲ್ಲಿ ಸಾಮಾನ್ಯವಾಗಿತ್ತು.

ಪಾಯಿಂಟ್

ಪಾಯಿಂಟ್ ಮುಚ್ಚಿರುವಾಗ ಬ್ಯಾಟರಿಯ ಕರೆಂಟು ಕಾಯಿಲಿನೊಳಗಿನ ದಪ್ಪ ತಂತಿಯ ಪ್ರೈಮರಿ ಸುತ್ತಿನಲ್ಲಿ ಹರಿದು ನಡುವಿನ ಕಬ್ಬಿಣದ ತಿರುಳನ್ನು ಅಯಸ್ಕಾಂತವಾಗಿಸುತ್ತದೆ. ಡಿಸ್ಟ್ರಿಬ್ಯೂಟರಿನ ಶಾಫ್ಟಿನ ಮೇಲಿನ ಮೂಲೆಗಳುಳ್ಳ ಕ್ಯಾಮ್ ಪಾಯಿಂಟನ್ನು ತೆರೆದ ಕ್ಷಣವೇ ಆ ಕಾಂತಕ್ಷೇತ್ರ ಕುಸಿದು ಪ್ರೈಮರಿಯಲ್ಲಿ 200-300 ವೋಲ್ಟ್ ಏಳುತ್ತದೆ. ಅತಿ ತೆಳುವಾದ ತಂತಿಯ ಸೆಕೆಂಡರಿ ಸುತ್ತುಗಳು ಪ್ರೈಮರಿಗಿಂತ ಸುಮಾರು ನೂರು ಪಟ್ಟು ಇರುವುದರಿಂದ ಅಲ್ಲಿ ಹತ್ತಾರು ಸಾವಿರ ವೋಲ್ಟ್ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ಕಿಡಿ ಹುಟ್ಟುವುದು ಪಾಯಿಂಟ್ ತೆರೆದಾಗಲೇ ಎಂಬ ಒಂದು ಸಂಗತಿಯನ್ನು ಸರಿಯಾಗಿ ಮನಸ್ಸಿಗೆ ತಂದುಕೊಂಡವರಿಗೆ ಉಳಿದ ಪರೀಕ್ಷೆಗಳೆಲ್ಲ ಸುಲಭ.

ಸ್ವಿಚ್ ಹಾಕಿ, ಟೆಸ್ಟ್ ಲ್ಯಾಂಪಿನ ಒಂದು ವೈರನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಇನ್ನೊಂದನ್ನು ಕಾಯಿಲಿಗೆ ಕರೆಂಟು ಬರುವ ಟರ್ಮಿನಲ್ಲಿಗೂ ಹಿಡಿಯಿರಿ. ಲ್ಯೂಕಾಸ್ ಕಾಯಿಲುಗಳಲ್ಲಿ ಇದಕ್ಕೆ ‘ಎಸ್‌ಡಬ್ಲ್ಯೂ’ ಎಂಬ ಗುರುತಿದ್ದು, ಡಿಸ್ಟ್ರಿಬ್ಯೂಟರಿಗೆ ಹೋಗುವ ಇನ್ನೊಂದಕ್ಕೆ ‘ಸಿಬಿ’ ಎಂದು ಇರುತ್ತದೆ. ಬಲ್ಬು ಉರಿಯದಿದ್ದರೆ ದೋಷ ಸ್ವಿಚ್, ಫ್ಯೂಸ್ ಅಥವಾ ವೈರಿಂಗಿನಲ್ಲಿದೆ, ಕಾಯಿಲನ್ನು ದೂರಬೇಕಾದ ಕಾರಣವಿಲ್ಲ. ಉರಿದರೆ ಅದೇ ವೈರನ್ನು ‘ಸಿಬಿ’ ಟರ್ಮಿನಲ್ಲಿಗೆ ಸರಿಸಿ, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿರಿ. ಪಾಯಿಂಟ್ ತೆರೆದಾಗ ಬಲ್ಬು ಹತ್ತಬೇಕು, ಮುಚ್ಚಿದಾಗ ಆರಬೇಕು. ಸದಾ ಹತ್ತಿಯೇ ಇದ್ದರೆ ಪಾಯಿಂಟ್ ಮುಚ್ಚಿಕೊಂಡರೂ ಕರೆಂಟು ಅರ್ಥಿಗೆ, ಅಂದರೆ ಗಾಡಿಯ ಲೋಹದ ಮೈಗೆ, ಇಳಿಯುತ್ತಿಲ್ಲ. ಎಂದೂ ಹತ್ತದಿದ್ದರೆ, ಪಾಯಿಂಟ್ ತೆರೆದರೂ ಕರೆಂಟು ಬೇರೆಲ್ಲೋ ಅರ್ಥಾಗುತ್ತಿದೆ, ಇಲ್ಲವೇ ಕಾಯಿಲಿನ ಪ್ರೈಮರಿಯೇ ತುಂಡಾಗಿದೆ.

ನಿಂತ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೊದಲನೆಯ ದೋಷ. ಪಾಯಿಂಟಿನ ಮುಖಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬಿನ ಪದರ ಕಟ್ಟಿರುತ್ತದೆ; ಅಷ್ಟೇ ಸಾಕು, 12 ವೋಲ್ಟಿನ ಕರೆಂಟನ್ನು ಅದು ತಡೆದು ನಿಲ್ಲಿಸುತ್ತದೆ. ಪಾಯಿಂಟ್ ಫೈಲನ್ನು ಎರಡು ಮೂರು ಸಲ ಹಗುರವಾಗಿ ಎಳೆದು, ಆ ಮೇಲೆ ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಬಿಳಿ ಕಾಗದದ ಪಟ್ಟಿಯನ್ನು ಮುಖಗಳ ನಡುವೆ ಸಿಕ್ಕಿಸಿ, ಕಾಗದದ ಮೇಲೆ ಕಪ್ಪು ಗೆರೆ ಮೂಡುವುದು ನಿಲ್ಲುವವರೆಗೆ ಎಳೆಯಬೇಕು. ಉಪ್ಪುಕಾಗದ ಬಳಸಬಾರದು, ಅದರ ಕಣಗಳು ಲೋಹದಲ್ಲಿ ನೆಟ್ಟು ಮತ್ತೆ ಪಾಯಿಂಟನ್ನು ಸುಡುತ್ತವೆ. ಒಂದು ಮುಖದಲ್ಲಿ ಮೊಳಕೆಯಂತೆ ಎದ್ದ ಉಬ್ಬು, ಎದುರಿನದರಲ್ಲಿ ಕುಳಿ ಕಂಡರೆ ಉಬ್ಬನ್ನು ಮಾತ್ರ ಸವರಿ ಮಟ್ಟ ಮಾಡಿದರೆ ಸಾಕು. ಕುಳಿ ಪೂರ್ತಿ ಹೋಗುವವರೆಗೆ ಉಜ್ಜಿದರೆ ಗಟ್ಟಿ ಲೋಹವೇ ಉಳಿಯುವುದಿಲ್ಲ.

ಪಾಯಿಂಟ್ ಚೊಕ್ಕಟವಾಗಿದ್ದರೂ ಬಲ್ಬು ಆರದಿದ್ದರೆ ಬೇಸ್ ಪ್ಲೇಟಿನ ಕಡೆ ಗಮನ ಕೊಡಿರಿ. ಪಾಯಿಂಟ್ ಕೂತಿರುವ ತಟ್ಟೆಯನ್ನು ಡಿಸ್ಟ್ರಿಬ್ಯೂಟರಿನ ಮೈಗೆ ಜೋಡಿಸುವ, ಎರಡು ಅಂಗುಲದಷ್ಟೂ ಉದ್ದವಿರದ ಹೆಣೆದ ತಾಮ್ರದ ವೈರೊಂದು ಅಲ್ಲಿರುತ್ತದೆ. ಎಂಜಿನ್ನಿನ ಹೀರುವಿಕೆಯಿಂದ ಕಿಡಿಯ ಹೊತ್ತನ್ನು ಹೊಂದಿಸುವ ವ್ಯಾಕ್ಯೂಮ್ ಡಬ್ಬಿ ಆ ತಟ್ಟೆಯನ್ನು ಗಾಡಿ ಓಡುವಷ್ಟು ಹೊತ್ತೂ ಅತ್ತಿತ್ತ ಆಡಿಸುವುದರಿಂದ ವೈರಿನ ಎಳೆಗಳು ಹೊದಿಕೆಯ ಒಳಗೇ ಒಂದೊಂದಾಗಿ ತುಂಡಾಗುತ್ತವೆ. ಹೊರಗಿನ ಬಟ್ಟೆಯ ಹೊದಿಕೆ ಮಾತ್ರ ಇಡಿಯಾಗಿ ಕಾಣುತ್ತಿರುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಅದನ್ನು ಮೆಲ್ಲಗೆ ಎಳೆದು ನೋಡಿದರೆ ರಬ್ಬರಿನಂತೆ ಹಿಗ್ಗುತ್ತದೆ, ಅಷ್ಟಕ್ಕೆ ಒಳಗಿನ ತಾಮ್ರ ಹೋಗಿದೆ ಎಂದು ತಿಳಿಯಬೇಕು. ಗಾಡಿ ನಿಂತಲ್ಲಿ ಚೆನ್ನಾಗಿ ಓಡಿ, ವೇಗ ಹಿಡಿದ ಕೂಡಲೇ ಮುಗ್ಗರಿಸುತ್ತಿದ್ದರೆ ಎಷ್ಟೋ ಸಲ ಕಾರಣ ಇಷ್ಟೇ. ಬಗ್ಗುವ, ಸಣ್ಣ ಎಳೆಗಳ ತಾಮ್ರದ ವೈರನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿ ಬೆಸುಗೆ ಹಾಕಿದರೆ ಕೆಲಸ ಮುಗಿಯಿತು.

ಈಗ ಗ್ಯಾಪ್. ಚಲಿಸುವ ಪಾಯಿಂಟಿನ ಫೈಬರ್ ಹಿಮ್ಮಡಿ ಕ್ಯಾಮಿನ ಎತ್ತರದ ಮೂಲೆಗೆ ಬರುವಂತೆ ಎಂಜಿನ್ ತಿರುಗಿಸಿ ನಿಲ್ಲಿಸಿ, ಸ್ಕ್ರೂ ಸಡಿಲಿಸಿ, ಎಣ್ಣೆ ಒರೆಸಿದ ಫೀಲರ್ ಗೇಜನ್ನು ನಡುವೆ ತೂರಿಸಿ ಹೊಂದಿಸಿರಿ. ಅಂಬಾಸಿಡರಿನ ಲ್ಯೂಕಾಸ್ ಮಾದರಿಯ ಡಿಸ್ಟ್ರಿಬ್ಯೂಟರಿಗೆ 0.35ರಿಂದ 0.40 ಮಿ.ಮೀ., ವಿಲ್ಲಿಸ್ ಜೀಪಿಗೆ ಸುಮಾರು 0.50 ಮಿ.ಮೀ. ಗೇಜಿನ ಎಲೆ ಎರಡೂ ಮುಖಗಳನ್ನು ಮೆಲ್ಲಗೆ ಸವರಿಕೊಂಡು ಹೊರಬರಬೇಕು, ಪಾಯಿಂಟನ್ನು ತಳ್ಳಬಾರದು. ಸ್ಕ್ರೂ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗಲೇ ಅದು ಸರಿದುಹೋಗುವುದು ಸಾಮಾನ್ಯ. ಆಮೇಲೆ ಉಳಿದ ಮೂರು ಮೂಲೆಗಳಲ್ಲಿಯೂ ಅಳೆಯಬೇಕು, ಈ ಒಂದು ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ಒಂದೊಂದು ಮೂಲೆಗೆ ಒಂದೊಂದು ಗ್ಯಾಪ್ ಬಂದರೆ ಶಾಫ್ಟನ್ನು ಹಿಡಿದಿರುವ ಬುಶ್ ಸವೆದು ಶಾಫ್ಟ್ ಅಲುಗಾಡುತ್ತಿದೆ ಎಂದರ್ಥ. ಆಗ ಎಷ್ಟು ಸಲ ಹೊಂದಿಸಿದರೂ ಫಲವಿಲ್ಲ. ಬೆಳಗಾವಿಯ ಉದ್ಯಮಬಾಗಿನಲ್ಲಿ ಲೇಥ್ ಕೆಲಸದವರಿಗೆ ಕೊರತೆಯಿಲ್ಲ, ಶಾಫ್ಟನ್ನು ಜೊತೆಗೆ ಒಯ್ದು ಅದರ ಅಳತೆಗೆ ಗನ್‌ಮೆಟಲ್ ಬುಶ್ ಕೂಡಿಸಿಕೊಂಡು ಬಂದರೆ ಹಳೆಯ ಡಿಸ್ಟ್ರಿಬ್ಯೂಟರ್ ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಕೊನೆಗೆ ಕ್ಯಾಮಿಗೆ ಬೆರಳ ತುದಿಯಷ್ಟು ಗ್ರೀಸ್, ಶಾಫ್ಟಿನ ಮೇಲೆ ತಿರುಗುತ್ತ ಕಿಡಿಯನ್ನು ಹಂಚುವ ರೋಟರ್ ತೆಗೆದು ಶಾಫ್ಟಿನ ತಲೆಗೆ ಒಂದೆರಡು ಹನಿ ಎಣ್ಣೆ. ಹೆಚ್ಚಾದರೆ ಅದು ಪಾಯಿಂಟಿಗೆ ಸಿಡಿದು ಸುಡುತ್ತದೆ.

ಕಂಡೆನ್ಸರ್, ಕಾಯಿಲ್ ಮತ್ತು ಬಿಸಿಲು

ಪಾಯಿಂಟ್ ತೆರೆದಾಗ ಪ್ರೈಮರಿಯಲ್ಲಿ ಏಳುವ ವೋಲ್ಟನ್ನು ಕ್ಷಣಮಾತ್ರ ತನ್ನೊಳಗೆ ತೆಗೆದುಕೊಂಡು, ಪಾಯಿಂಟಿನ ನಡುವೆ ಕಿಡಿ ಹಾರದಂತೆ ತಡೆಯುವುದು ಕಂಡೆನ್ಸರಿನ ಕೆಲಸ. ಅದು ಒಳಗೆ ಶಾರ್ಟ್ ಆದರೆ ಕಿಡಿಯೇ ಬರುವುದಿಲ್ಲ, ಟೆಸ್ಟ್ ಲ್ಯಾಂಪ್ ಎಂದೂ ಹತ್ತುವುದಿಲ್ಲ. ಕಂಡೆನ್ಸರಿನ ವೈರು ಬಿಡಿಸಿದೊಡನೆ ಹತ್ತಿದರೆ ತಪ್ಪಿತಸ್ಥ ಸಿಕ್ಕಂತೆ. ಬಿಡಿಸಿದರೂ ಹತ್ತದಿದ್ದರೆ ಚಲಿಸುವ ಪಾಯಿಂಟಿನ ಸ್ಪ್ರಿಂಗಿನ ಕೆಳಗಿನ ಫೈಬರ್ ವಾಶರ್ ಒಡೆದಿದೆಯೇ ಅಥವಾ ಜೋಡಿಸುವಾಗ ಅದನ್ನು ತಪ್ಪಾಗಿ ಕೂಡಿಸಲಾಗಿದೆಯೇ ನೋಡಿರಿ. ಕಂಡೆನ್ಸರ್ ಒಳಗೆ ತುಂಡಾಗಿದ್ದರೆ ಲಕ್ಷಣ ಬೇರೆ: ಪಾಯಿಂಟಿನ ನಡುವೆ ದೊಡ್ಡ ನೀಲಿ ಕಿಡಿ ಹಾರುತ್ತದೆ, ಪ್ಲಗ್ಗಿನಲ್ಲಿ ಮಾತ್ರ ತೆಳ್ಳಗಿನ ಹಳದಿ ಕಿಡಿ ಬರುತ್ತದೆ, ಹೊಸ ಪಾಯಿಂಟ್ ಸ್ವಲ್ಪವೇ ದಿನಗಳಲ್ಲಿ ಸುಟ್ಟು ಕರಕಾಗುತ್ತದೆ. ಕೆಪ್ಯಾಸಿಟಿ ಅಳೆಯುವ ಮಲ್ಟಿಮೀಟರ್ ಇದ್ದರೆ ಸುಮಾರು 0.2 ಮೈಕ್ರೊಫ್ಯಾರಡ್ ತೋರಿಸಬೇಕು.

ವಿಜಯಪುರದ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಒಂದು ವಿಶೇಷ ತೊಂದರೆ ಕಾಣುತ್ತದೆ. ಮುಂಜಾನೆ ಚೆನ್ನಾಗಿ ಓಡಿದ ಗಾಡಿ ಮಧ್ಯಾಹ್ನ ನಡುದಾರಿಯಲ್ಲಿ ನಿಂತುಬಿಡುತ್ತದೆ, ಅರ್ಧ ತಾಸು ಮರದ ನೆರಳಿಗೆ ನಿಲ್ಲಿಸಿದರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ಪೆಟ್ರೋಲ್ ಪೈಪಿನಲ್ಲಿಯೇ ಆವಿಯಾಗಿ ಪಂಪು ಎಳೆಯದಿರುವುದೂ ಹೀಗೆಯೇ ಕಾಣುತ್ತದೆ, ಕಾದು ಒಳಗೆ ಸೋರುವ ಕಂಡೆನ್ಸರ್ ಅಥವಾ ಕಾಯಿಲೂ ಹೀಗೆಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸಲು ಒಂದೇ ದಾರಿ, ಗಾಡಿ ನಿಂತ ತಕ್ಷಣ, ತಣ್ಣಗಾಗುವ ಮೊದಲೇ ಕಿಡಿ ನೋಡುವುದು. ಆಗ ಕಿಡಿ ಗಟ್ಟಿಯಾಗಿದ್ದರೆ ದೋಷ ಪೆಟ್ರೋಲಿನ ಕಡೆ. ಕಿಡಿ ಸೊರಗಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ ನೋಡಿ, ಅನಂತರ ಕಾಯಿಲಿನ ಕಡೆ ಹೋಗಿರಿ. ತಣ್ಣಗಾದ ಮೇಲೆ ಗ್ಯಾರೇಜಿಗೆ ಎಳೆತಂದು ಮಾಡುವ ಪರೀಕ್ಷೆಯಿಂದ ಏನೂ ತಿಳಿಯದು.

ಕಾಯಿಲನ್ನು ಅಳೆಯುವಾಗ ವೈರುಗಳನ್ನು ಬಿಚ್ಚಿರಬೇಕು. ಸಾಮಾನ್ಯ 12 ವೋಲ್ಟಿನ ಕಾಯಿಲಿನ ಪ್ರೈಮರಿ 3ರಿಂದ 4 ಓಮ್, 6 ವೋಲ್ಟಿನದು 1ರಿಂದ ಒಂದೂವರೆ ಓಮ್ ಆಸುಪಾಸು, ಸೆಕೆಂಡರಿ ಕೆಲವು ಸಾವಿರ ಓಮ್ ಇರುತ್ತದೆ. ಯುದ್ಧಕಾಲದ ವಿಲ್ಲಿಸ್ ಜೀಪು 6 ವೋಲ್ಟಿನದು. ಮುಂದೆ ಯಾರೋ ಅದಕ್ಕೆ 12 ವೋಲ್ಟಿನ ಬ್ಯಾಟರಿ ಹಾಕಿ, ಕಾಯಿಲನ್ನು ಮಾತ್ರ ಹಾಗೆಯೇ ಬಿಟ್ಟಿದ್ದರೆ ಕರೆಂಟು ಎರಡು ಪಟ್ಟು ಹರಿದು ಪಾಯಿಂಟ್ ಮೇಲಿಂದ ಮೇಲೆ ಸುಡುತ್ತದೆ, ಕಾಯಿಲ್ ಮುಟ್ಟಲಾಗದಷ್ಟು ಕಾಯುತ್ತದೆ. ಪಾಯಿಂಟ್ ಬಾಳುತ್ತಿಲ್ಲವೆಂದು ಕೊರಗುವ ಜೀಪಿನ ಮಾಲೀಕರು ಮೊದಲು ಈ ಅಳತೆ ನೋಡಬೇಕು. ಯಾವ ಗಾಡಿಯಲ್ಲಾದರೂ ಎಂಜಿನ್ ನಿಂತಿರುವಾಗ ಹಾಕಿದ ಸ್ವಿಚ್ಚನ್ನು ಬಹಳ ಹೊತ್ತು ಹಾಗೆಯೇ ಬಿಡಬಾರದು.

ಹಳೆಯ ಬ್ರಿಟಿಷ್ ಮಾದರಿಯ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಅರ್ಥಿಗೆ ಇರುತ್ತಿತ್ತು. ಅದನ್ನು ತಿರುವಿ ನೆಗೆಟಿವ್ ಅರ್ಥ್ ಮಾಡಿದವರು ಕಾಯಿಲಿನ ಎರಡು ಸಣ್ಣ ವೈರುಗಳನ್ನೂ ಅದಲುಬದಲು ಮಾಡಿರಬೇಕು, ಏಕೆಂದರೆ ಪ್ಲಗ್ಗಿನ ನಡುವಿನ ತುದಿ ನೆಗೆಟಿವ್ ಆಗಿದ್ದರೆ ಕಿಡಿ ಕಡಿಮೆ ವೋಲ್ಟಿನಲ್ಲಿಯೇ ಹಾರುತ್ತದೆ. ಪರೀಕ್ಷಿಸಲು ಪ್ಲಗ್ಗಿನ ವೈರನ್ನು ಸ್ವಲ್ಪ ದೂರ ಹಿಡಿದು, ಹಾರುವ ಕಿಡಿಯ ನಡುವೆ ಪೆನ್ಸಿಲಿನ ಮೊನೆಯನ್ನು ಹಿಡಿಯುವುದು ಹಳೆಯ ಪದ್ಧತಿ. ಕಿಡಿ ಪ್ಲಗ್ಗಿನ ಬದಿಗೆ ಅಗಲವಾಗಿ ಹರಡಿದರೆ ಸರಿಯಾಗಿದೆ. ವೈರನ್ನು ಇನ್ಸುಲೇಶನ್ ಇರುವ ಪಕ್ಕಡಿನಿಂದಲೇ ಹಿಡಿಯಿರಿ.

ಕ್ಯಾಪ್, ರೋಟರ್, ವೈರು, ಪ್ಲಗ್

ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ, ಅದರಲ್ಲಿಯೂ ಚೋರ್ಲಾ ಘಾಟಿನ ಮಂಜಿನಲ್ಲಿ, ಹೆಚ್ಚು ವೋಲ್ಟಿನ ಬದಿಯ ದೋಷಗಳೆಲ್ಲ ಹೊರಬೀಳುತ್ತವೆ. ಕ್ಯಾಪಿನ ಒಳಮೈಯಲ್ಲಿ ತೇವ ಕೂತು ಕಿಡಿ ಒಂದು ಹಿತ್ತಾಳೆ ಕಂಬದಿಂದ ಇನ್ನೊಂದಕ್ಕೆ ಹರಿದರೆ, ಅದು ಹಾದ ದಾರಿಯಲ್ಲಿ ಪೆನ್ಸಿಲಿನಿಂದ ಎಳೆದಂಥ ಕಪ್ಪು ಗೆರೆ ಉಳಿಯುತ್ತದೆ. ಆ ಗೆರೆ ಇಂಗಾಲದ್ದು, ಕರೆಂಟಿಗೆ ಅದೇ ಕಾಯಂ ದಾರಿ; ಎಷ್ಟು ಉಜ್ಜಿದರೂ ಆ ಕ್ಯಾಪನ್ನು ನಂಬಲಾಗದು, ಬದಲಿಸಲೇಬೇಕು. ಗೆರೆ ಇಲ್ಲದಿದ್ದರೆ ಸ್ಪಿರಿಟಿನಿಂದ ಒರೆಸಿ ಪೂರ್ತಿ ಆರಿಸಿ ಹಾಕಿರಿ. ನಡುವಿನ ಕಾರ್ಬನ್ ಬ್ರಶ್ ಸ್ಪ್ರಿಂಗಿನ ಮೇಲೆ ಸರಾಗವಾಗಿ ಆಡುತ್ತಿದೆಯೇ ನೋಡಿರಿ. ರೋಟರ್ ಪರೀಕ್ಷಿಸಲು ಕಾಯಿಲಿನ ದಪ್ಪ ವೈರನ್ನು ಅದರ ಹಿತ್ತಾಳೆಯ ಹತ್ತಿರ ಹಿಡಿದು ಪಾಯಿಂಟನ್ನು ಕೈಯಿಂದ ತೆರೆಯಿಸಿರಿ. ಗಟ್ಟಿ ಕಿಡಿ ಹಾರಿದರೆ ರೋಟರ್ ಒಳಗಿನಿಂದ ಶಾಫ್ಟಿಗೆ ಸೋರುತ್ತಿದೆ. ವೈರುಗಳ ಸೋರಿಕೆಗೆ ಯಾವ ಮೀಟರೂ ಬೇಡ, ಕತ್ತಲೆಯಲ್ಲಿ ಬಾನೆಟ್ ತೆರೆದು ಎಂಜಿನ್ ಓಡಿಸಿದರೆ ನೀಲಿ ಎಳೆಗಳು ಕಣ್ಣಿಗೇ ಕಾಣುತ್ತವೆ.

ಪ್ಲಗ್ಗಿನ ವಿಷಯ ಸರಳ. ತಿಳಿ ಕಂದು ಬಣ್ಣ ಒಳ್ಳೆಯದು, ಒಣ ಕಪ್ಪು ಮಸಿ ಪೆಟ್ರೋಲ್ ಹೆಚ್ಚಾದದ್ದನ್ನು, ಎಣ್ಣೆಯ ಜಿಡ್ಡು ರಿಂಗ್ ಸವೆದದ್ದನ್ನು, ಸುಣ್ಣದಂಥ ಬಿಳುಪು ಅತಿ ಕಾವನ್ನು ಸೂಚಿಸುತ್ತದೆ. ಗ್ಯಾಪ್ ಅಂಬಾಸಿಡರಿಗೆ ಸುಮಾರು 0.6 ಮಿ.ಮೀ., ವಿಲ್ಲಿಸ್‌ಗೆ 0.75 ಮಿ.ಮೀ.; ಹೊಂದಿಸುವಾಗ ಪಕ್ಕದ ತುದಿಯನ್ನು ಮಾತ್ರ ಬಗ್ಗಿಸಬೇಕು, ನಡುವಿನದನ್ನು ಮುಟ್ಟಿದರೆ ಪಿಂಗಾಣಿ ಬಿರಿಯುತ್ತದೆ.

ಮ್ಯಾಗ್ನೆಟೊ ಮತ್ತು ಕಂಪಿಸುವ ಕಾಯಿಲ್

ಮ್ಯಾಗ್ನೆಟೊ ತಾನೇ ಕರೆಂಟು ಹುಟ್ಟಿಸಿ, ತಾನೇ ಅದನ್ನು ತುಂಡರಿಸಿ, ತಾನೇ ಹಂಚುವ ಯಂತ್ರ. ಲಾಳದ ಅಯಸ್ಕಾಂತದ ನಡುವೆ ತಿರುಗುವ ಆರ್ಮೇಚರಿನಲ್ಲಿಯೇ ಪ್ರೈಮರಿ, ಸೆಕೆಂಡರಿ ಸುತ್ತುಗಳೂ ಕಂಡೆನ್ಸರೂ ಇರುತ್ತವೆ. ಸೀಮೆಎಣ್ಣೆ ಪಂಪುಗಳ ಫ್ಲೈವೀಲ್ ಮ್ಯಾಗ್ನೆಟೊ ಬಿಚ್ಚಿ ಅಭ್ಯಾಸವಿರುವ ಹಳೆಯ ಮಿಸ್ತ್ರಿಗಳು ನಮ್ಮ ಘಟಪ್ರಭಾ, ಕೃಷ್ಣಾ ದಂಡೆಯ ಊರುಗಳಲ್ಲಿದ್ದಾರೆ. ತತ್ತ್ವ ಒಂದೇ ಆದ್ದರಿಂದ ಅವರ ಕೈಗುಣ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಇದರ ಸ್ವಿಚ್ ಕೆಲಸ ಮಾಡುವುದು ಕಾಯಿಲ್ ಗಾಡಿಗೆ ತದ್ವಿರುದ್ಧವಾಗಿ. ಸ್ವಿಚ್ ಆರಿಸಿದಾಗ ಪ್ರೈಮರಿ ಅರ್ಥಿಗೆ ಸೇರಿ ಕಿಡಿ ನಿಲ್ಲುತ್ತದೆ. ಆದ್ದರಿಂದ ಕಿಡಿ ಬರದಿದ್ದರೆ ಮೊದಲು ಮ್ಯಾಗ್ನೆಟೊದಿಂದ ಸ್ವಿಚ್ಚಿಗೆ ಹೋಗುವ ವೈರನ್ನು ಬಿಚ್ಚಿ ನೋಡಬೇಕು. ದಾರಿಯಲ್ಲಿ ಎಲ್ಲೋ ಅದರ ಹೊದಿಕೆ ಸವೆದು ಬಾಡಿಗೆ ತಾಗಿದ್ದರೆ ಅಷ್ಟಕ್ಕೇ ಕಿಡಿ ಮರಳುತ್ತದೆ. ಅನಂತರ ಪಾಯಿಂಟ್, ಗ್ಯಾಪ್ 0.3ರಿಂದ 0.4 ಮಿ.ಮೀ. ಒಳಗೆ, ಅನಂತರ ಕಾರ್ಬನ್ ಬ್ರಶ್ ಮತ್ತು ಅದು ಉಜ್ಜುವ ಸ್ಲಿಪ್ ರಿಂಗಿನ ಮೇಲಿನ ಕಪ್ಪು ಪುಡಿ. ಆರ್ಮೇಚರನ್ನು ಹೊರಗೆಳೆಯಲೇಬೇಕಾದರೆ, ಎಳೆಯುವ ಮೊದಲು ಅಯಸ್ಕಾಂತದ ಎರಡು ತುದಿಗಳಿಗೆ ಮೆದು ಕಬ್ಬಿಣದ ಪಟ್ಟಿಯೊಂದನ್ನು ಅಡ್ಡಲಾಗಿ ಕೂಡಿಸಿರಿ, ಇಲ್ಲದಿದ್ದರೆ ಆ ಕಾಲದ ಉಕ್ಕಿನ ಅಯಸ್ಕಾಂತ ತನ್ನ ಬಲ ಕಳೆದುಕೊಳ್ಳುತ್ತದೆ. ಸುತ್ತುಗಳ ಮೇಲಿನ ಅರಗು ಕಾವಿಗೆ ಮೆತ್ತಗಾಗಿ ಅಂಟಂಟಾಗಿದ್ದರೆ ಮಾತ್ರ ಅದು ಮರುಸುತ್ತಿಗೆ ಕೊಡುವ ಕೆಲಸ, ಮನೆಯಲ್ಲಿ ಮಾಡುವುದಲ್ಲ.

ಫೋರ್ಡ್ ಟಿಯಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಕಾಯಿಲುಗಳಿದ್ದು, ಕ್ಯಾಮ್‌ಶಾಫ್ಟಿನ ಮುಂದಿನ ಟೈಮರ್ ಸರದಿಯಂತೆ ಒಂದೊಂದಕ್ಕೆ ಕರೆಂಟು ಕೊಡುತ್ತದೆ, ಕಾಯಿಲಿನ ಮೇಲಿನ ಪಾಯಿಂಟ್ ಝೇಂಕರಿಸುತ್ತ ಒಂದರ ಹಿಂದೊಂದು ಕಿಡಿ ಸುರಿಸುತ್ತದೆ. ಸ್ವಿಚ್ಚನ್ನು ಬ್ಯಾಟರಿಗೆ ಹಾಕಿ ಎಂಜಿನ್ನನ್ನು ಮೆಲ್ಲಗೆ ತಿರುಗಿಸಿದರೆ ನಾಲ್ಕೂ ಸರದಿಯಲ್ಲಿ ಒಂದೇ ದನಿಯಲ್ಲಿ ಝೇಂಕರಿಸಬೇಕು. ಒಂದು ಮೌನವಾಗಿದ್ದರೆ ಅದನ್ನು ಪಕ್ಕದ ಜಾಗಕ್ಕೆ ಹಾಕಿ ನೋಡಿರಿ. ಮೌನ ಕಾಯಿಲಿನೊಂದಿಗೆ ಹೋದರೆ ದೋಷ ಕಾಯಿಲಿನದು, ಹಳೆಯ ಜಾಗದಲ್ಲೇ ಉಳಿದರೆ ಟೈಮರ್ ಅಥವಾ ವೈರಿನದು. ಇದರ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, 1-2-4-3. ಜೀಪು, ಅಂಬಾಸಿಡರ್, ಫಿಯಟ್‌ಗಳ 1-3-4-2ರ ರೂಢಿಯಲ್ಲಿ ವೈರು ಹಚ್ಚಿದರೆ ಗಾಡಿ ಹೊರಡುವುದಿಲ್ಲ.

ಟೈಮಿಂಗ್

ಗ್ಯಾಪ್ ಹೆಚ್ಚಿಸಿದರೆ ಪಾಯಿಂಟ್ ಬೇಗ ತೆರೆದು ಕಿಡಿ ಮುಂಚಿತವಾಗುತ್ತದೆ, ಕಡಿಮೆ ಮಾಡಿದರೆ ತಡವಾಗುತ್ತದೆ. ಗ್ಯಾಪ್ ಮೊದಲು ಎಂದು ಆರಂಭದಲ್ಲಿ ಹೇಳಿದ್ದಕ್ಕೆ ಕಾರಣ ಇದೇ. ಒಂದನೆಯ ಸಿಲಿಂಡರಿನ ಪ್ಲಗ್ ತೆಗೆದು, ತೂತಿನ ಮೇಲೆ ಹೆಬ್ಬೆರಳಿಟ್ಟು ಎಂಜಿನ್ ತಿರುಗಿಸಿರಿ. ಗಾಳಿ ಬೆರಳನ್ನು ಹೊರಕ್ಕೆ ತಳ್ಳತೊಡಗಿದರೆ ಅದು ಕಂಪ್ರೆಶನ್ ಹೊಡೆತ. ಪುಲ್ಲಿ ಅಥವಾ ಫ್ಲೈವೀಲಿನ ಗುರುತು, ಗಾಡಿಯ ಕೈಪಿಡಿ ಹೇಳಿದ ಡಿಗ್ರಿಗೆ, ವಿಲ್ಲಿಸ್ ಜೀಪಿನಲ್ಲಾದರೆ ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕಿಂತ 5 ಡಿಗ್ರಿ ಮೊದಲು, ಬರುವಂತೆ ನಿಲ್ಲಿಸಿರಿ. ಗುರುತು ದಾಟಿಹೋದರೆ ಹಿಂದಕ್ಕೆ ಅಷ್ಟೇ ತಿರುಗಿಸಿ ಬಿಡದೆ, ಬಹಳ ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು, ಇಲ್ಲವಾದರೆ ಚೈನ್ ಮತ್ತು ಗೇರಿನ ಸಡಿಲು ಲೆಕ್ಕ ತಪ್ಪಿಸುತ್ತದೆ. ರೋಟರ್ ಒಂದನೆಯ ಸಿಲಿಂಡರಿನ ವೈರಿನ ಕಡೆ ಮುಖ ಮಾಡಿರಬೇಕು.

ಟೆಸ್ಟ್ ಲ್ಯಾಂಪನ್ನು ‘ಸಿಬಿ’ ಟರ್ಮಿನಲ್ಲಿಗೂ ಅರ್ಥಿಗೂ ಹಚ್ಚಿ, ಸ್ವಿಚ್ ಹಾಕಿ, ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಸಡಿಲಿಸಿರಿ. ಮೊದಲು ರೋಟರ್ ತಿರುಗುವ ದಿಕ್ಕಿಗೇ ಮೈಯನ್ನು ತಿರುಗಿಸಿ ಬಲ್ಬು ಆರಿಸಿ, ಆಮೇಲೆ ಅದರ ವಿರುದ್ಧ ದಿಕ್ಕಿಗೆ ಎಳೆಎಳೆಯಾಗಿ ಸರಿಸುತ್ತ ಬಂದು, ಬಲ್ಬು ಹತ್ತಿದ ಜಾಗದಲ್ಲಿ ಕ್ಲ್ಯಾಂಪ್ ಬಿಗಿಯಿರಿ. ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ ಮತ್ತೆ ಗುರುತಿನ ಬಳಿ ತಂದಾಗ ಬಲ್ಬು ಅಲ್ಲಿಯೇ ಹತ್ತಿದರೆ ಟೈಮಿಂಗ್ ಕೂತಿದೆ.

ಎಂಜಿನ್ ಕಾದ ಮೇಲೆ ಏರುದಾರಿಯಲ್ಲಿ ಓಡಿಸಿ ನೋಡಬೇಕು; ಬೆಳಗಾವಿಯವರಿಗೆ ವಂಟಮುರಿ ಘಾಟು ಇದಕ್ಕೆ ಅನುಕೂಲ. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನಿಂದ ಕಟಕಟ ಸದ್ದು ಬಂದರೆ ಕಿಡಿ ಮುಂಚಿತವಾಗಿದೆ, ಒಂದೆರಡು ಡಿಗ್ರಿ ಹಿಂದಕ್ಕೆ ತನ್ನಿರಿ. ಸದ್ದಿಲ್ಲದೆ ಮಂಕಾಗಿ ಎಳೆದು ಬೇಗ ಕಾಯುತ್ತಿದ್ದರೆ ಕಿಡಿ ತಡವಾಗಿದೆ. ಹೊಸ ಪಾಯಿಂಟಿನ ಫೈಬರ್ ಹಿಮ್ಮಡಿ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಕ್ಯಾಮಿಗೆ ಹೊಂದಿಕೊಳ್ಳುತ್ತ ಸವೆಯುವುದರಿಂದ ಗ್ಯಾಪ್ ತಗ್ಗಿ ಟೈಮಿಂಗ್ ಹಿಂದೆ ಬೀಳುತ್ತದೆ; 500 ಕಿಲೋಮೀಟರ್ ಓಡಿದ ಮೇಲೆ ಮೊದಲು ಗ್ಯಾಪನ್ನು, ಅನಂತರ ಬಲ್ಬು ಹಚ್ಚಿ ಟೈಮಿಂಗನ್ನು ಇನ್ನೊಮ್ಮೆ ನೋಡಿರಿ.